ಮರ್ವಾಂವ್: ಮಳೆನೀರು ಕೂಡಿಟ್ಟು ಬದುಕಿದ ಬೆಟ್ಟದೂರು

ಮೊದಲ ದಿನ: ಲಿಸ್ಬನ್‌ನಿಂದ ಮಂಜಿನೊಳಕ್ಕೆ

ಪೋರ್ಚುಗಲ್‌ನ ಪೂರ್ವದ ಅಂಚಿನಲ್ಲಿ, ಸ್ಪೇನ್ ಗಡಿಯ ಮಗ್ಗುಲಲ್ಲೇ, ಸುಮಾರು 860 ಮೀಟರ್ ಎತ್ತರದ ಬಂಡೆಯ ಏಣಿನ ಮೇಲೆ ಮರ್ವಾಂವ್ ಎಂಬ ಊರಿದೆ. ಕೊನೆಯ ಅಕ್ಷರವನ್ನು ಮೂಗಿನಲ್ಲಿ ಹೇಳಬೇಕು. ಕೊಂಕಣಿ ಕೇಳಿ ಬೆಳೆದವರಿಗೆ ಸಲೀಸು, ಉಳಿದವರು ಒಂದೆರಡು ಸಲ ತಪ್ಪು ಹೇಳಿದರೆ ಊರಿನವರು ನಗುತ್ತಾರೆ, ಅಷ್ಟೆ. ಕೋಟೆಗೋಡೆಯ ಒಳಗೆ ಈಗ ನೆಲೆಸಿರುವವರು ನೂರರ ಆಸುಪಾಸು.

ಲಿಸ್ಬನ್‌ನಿಂದ ಕಾರಿನಲ್ಲಿ ಮೂರು ತಾಸು ಇಟ್ಟುಕೊಳ್ಳಬೇಕು. ಬಸ್ಸು ನಂಬಿದರೆ ಪೋರ್ತಲೆಗ್ರ್ ಪಟ್ಟಣದವರೆಗೆ ತೊಂದರೆಯಿಲ್ಲ. ಅಲ್ಲಿಂದ ಮುಂದಿನ ಬಸ್ಸುಗಳು ಬೆರಳೆಣಿಕೆಯವು, ವಾರಾಂತ್ಯದಲ್ಲಂತೂ ಅವನ್ನು ನೆಚ್ಚುವ ಹಾಗಿಲ್ಲ. ಹಿಂದೆ ಲಿಸ್ಬನ್‌ನಿಂದ ಮ್ಯಾಡ್ರಿಡ್‌ಗೆ ಹೋಗುವ ರಾತ್ರಿ ರೈಲು ಬೆಟ್ಟದ ಬುಡದ ಬೈರಾಂ ನಿಲ್ದಾಣದಲ್ಲಿ ನಿಲ್ಲುತ್ತಿತ್ತು. 2012ರಲ್ಲಿ ಅದೂ ನಿಂತುಹೋಯಿತು. ಬಾಡಿಗೆ ಕಾರು ಹಿಡಿಯುವಾಗ ಟೋಲ್ ಯಂತ್ರ ಚಾಲೂ ಇದೆಯೇ ಎಂದು ಕೇಳಿಯೇ ಹೊರಡುವುದು ಒಳ್ಳೆಯದು. ಲಿಸ್ಬನ್ ಬಿಟ್ಟ ಕೂಡಲೇ ಸಿಗುವ ಎ1 ಹೆದ್ದಾರಿಗೆ ಟೋಲ್ ಇದೆ. ಪೂರ್ವಕ್ಕೆ ತಿರುಗುವ ಎ23ಕ್ಕೆ 2025ರ ಜನವರಿ 1ರಿಂದ ಟೋಲ್ ತೆಗೆದಿದ್ದಾರೆ.

ಹೆದ್ದಾರಿ ಬಿಟ್ಟು ಒಳದಾರಿಗೆ ಇಳಿದ ಮೇಲೆ ಎರಡೂ ಕಡೆ ಕಾರ್ಕ್ ಓಕ್ ಮರಗಳು. ಬುಡದಿಂದ ಆಳೆತ್ತರದವರೆಗೆ ತೊಗಟೆ ಸುಲಿದ ಮರ ಕೆಮ್ಮಣ್ಣು ಬಳಿದ ಗೋಡೆಯ ಹಾಗೆ ಕಾಣುತ್ತದೆ. ಅದರ ಮೇಲೆ ಬಿಳಿ ಬಣ್ಣದಲ್ಲಿ ಒಂದೇ ಒಂದು ಅಂಕಿ. 3 ಎಂದಿದ್ದರೆ 2023ರಲ್ಲಿ ಸುಲಿದದ್ದು ಎಂದರ್ಥ. ಒಂದು ಸಲ ಸುಲಿದ ಮರವನ್ನು ಮತ್ತೆ ಮುಟ್ಟಬೇಕಾದರೆ ಒಂಬತ್ತು ವರ್ಷ ಕಾಯಬೇಕು, ಹಾಗಾಗಿ ಒಂದೇ ಅಂಕಿ ಸಾಕು, ಗೊಂದಲವಾಗುವುದಿಲ್ಲ. ಮೊದಲ ಸುಲಿತಕ್ಕೇ ಮರಕ್ಕೆ ಇಪ್ಪತ್ತೈದು ವರ್ಷ ತುಂಬಿರಬೇಕು. ನೆಟ್ಟವನು ಲಾಭ ಕಾಣುವುದು ಮುದುಕನಾದ ಮೇಲೆಯೇ.

ನವೆಂಬರ್ ಮಧ್ಯದ ವಾರ. ಸಂತ ಮಾರ್ಟಿನನ ದಿನ, ಅಂದರೆ ನವೆಂಬರ್ 11ರ ಆಸುಪಾಸಿನ ವಾರಾಂತ್ಯದಲ್ಲಿ ಇಲ್ಲಿ ಚೆಸ್ಟ್‌ನಟ್ ಜಾತ್ರೆ. ಆ ಎರಡು ದಿನ ಊರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜಾತ್ರೆ ಮುಗಿದ ಮರುವಾರ ಬಂದರೆ ಕಾಯಿಗೆ ಬರವಿಲ್ಲ, ಕೋಣೆಗೂ ಬರವಿಲ್ಲ. ಬದಲಿಗೆ ಮಂಜಿನ ಪಾಲು ಹೊರಬೇಕು. ಬೆಟ್ಟದ ಬುಡದ ಪೋರ್ತಾಜೆಂ ಊರಿನವರೆಗೆ ತಿಳಿಬಿಸಿಲಿತ್ತು. ಅಲ್ಲಿಂದ ಮೇಲೆ ಸುತ್ತು ಹಾಕಿಕೊಂಡು ಹತ್ತುವ ದಾರಿಯ ಮೂರನೇ ತಿರುವಿಗೆ ಬೆಟ್ಟವೇ ಮಾಯ. ಎದುರಿನ ವಾಹನದ ದೀಪ ಕಾಣುವ ಹೊತ್ತಿಗೆ ಅದು ಪಕ್ಕಕ್ಕೇ ಬಂದಿರುತ್ತದೆ.

ಕಾರು ಓಡಿಸುವವರು ಎಡವುವುದು ಮೇಲೆ ಮುಟ್ಟಿದ ಮೇಲೆ. ಮೊಬೈಲಿನ ನಕ್ಷೆ ಹೆಬ್ಬಾಗಿಲಿನ ಒಳಗೇ ಹೋಗು ಎನ್ನುತ್ತದೆ. ಕಾನೂನಿನ ಅಡ್ಡಿಯೂ ಇಲ್ಲ, ಊರಿನವರ ಕಾರುಗಳು ಓಡಾಡುತ್ತವೆ. ಆದರೆ ಈ ಬಾಗಿಲು ಕಟ್ಟಿದ್ದೇ ಒಳಗೆ ಬರುವವರಿಗೆ ಕಷ್ಟವಾಗಲಿ ಎಂದು. ಒಂದು ಕಮಾನು ದಾಟಿದ ಮೇಲೆ ತಿರುವು, ತಿರುವಿನ ಆಚೆ ಇನ್ನೊಂದು ಕಮಾನು. ನುಗ್ಗಿಬಂದ ದಂಡು ತಿರುಗುವಾಗ ಬಗಲು ಕೊಡಲಿ ಎಂಬ ಲೆಕ್ಕ. ಈಗ ಬಗಲು ಕೊಡುವುದು ಬಾಡಿಗೆ ಕಾರು. ಕನ್ನಡಿ ಮಡಚದೆ ನುಗ್ಗಿದ ಕಾರುಗಳು ಎಷ್ಟೋ ಇರಬೇಕು. ಕಲ್ಲಿನ ಮೇಲೆ ಅಂಗೈ ಅಗಲದಲ್ಲಿ ಬೇರೆ ಬೇರೆ ಬಣ್ಣದ ಗೀರುಗಳಿವೆ. ಬಾಗಿಲಿನ ಹೊರಗೇ ನಿಲ್ದಾಣವಿದೆ, ಅಲ್ಲೇ ಬಿಟ್ಟು ನಡೆಯುವುದು ಜಾಣತನ. ಊರಿನ ಯಾವ ಮೂಲೆಗೂ ಹತ್ತು ನಿಮಿಷದ ಮೇಲೆ ನಡಿಗೆಯಿಲ್ಲ.

ನಡೆಯುವಾಗ ಚಕ್ರದ ಪೆಟ್ಟಿಗೆ ಇರಬಾರದು. ಬೀದಿಗೆ ಹಾಸಿದ ಕಲ್ಲುಗಳ ನಡುವಿನ ಸಂದು ಎರಡು ಬೆರಳಿನಷ್ಟು, ಪೆಟ್ಟಿಗೆಯ ಚಕ್ರವೂ ಸರಿಯಾಗಿ ಅಷ್ಟೇ ಅಗಲ. ಬೀದಿಗೆ ಏರು ಬಂದಾಗ ಚಕ್ರ ಸಂದಿಯಲ್ಲಿ ಕಚ್ಚಿಕೊಳ್ಳುತ್ತದೆ, ಜಗ್ಗಿದರೆ ಅಚ್ಚೇ ಕಿತ್ತು ಬರುತ್ತದೆ. ಆ ಸಂಜೆಯೇ ಒಂದು ಹೀಗೆ ಬಲಿಯಾಯಿತು. ಮನೆಯ ಮುಂದೆ ಗುಡಿಸುತ್ತಿದ್ದ ಅಜ್ಜಿಯೊಬ್ಬರು ಕಿತ್ತ ಚಕ್ರ ಹೆಕ್ಕಿ, ಒರೆಸಿ, ಕೈಗಿಟ್ಟರು. ಇಂಥದ್ದು ಅವರಿಗೆ ಹೊಸದೇನಲ್ಲ ಎಂಬುದು ಮುಖದಲ್ಲೇ ಇತ್ತು.

ತಂಗುಮನೆಯಲ್ಲಿ ಭಾಷೆ ಬಾರದಿದ್ದರೂ ನಾಲ್ಕು ಮಾತು ಬಂದಂತೆಯೇ. ಕೀಲಿಕೈಗೆ ಅವರು ಶಾವ್ ಎನ್ನುತ್ತಾರೆ, ನಮ್ಮ ಚಾವಿ. ಮೇಜಿಗೆ ಮೇಝ. ಮೈ ಒರೆಸುವ ತುವಾಲಿಗೆ ತುವಾಲ್ಯ. ಕಿಟಕಿಗೆ ಝನೆಲ, ಕರಾವಳಿಯವರ ಜನೆಲ್. ಕೋಣೆ ತೋರಿಸುತ್ತಿದ್ದ ಹೆಂಗಸಿಗೆ ಇದನ್ನು ಹೇಳಿದ್ದಕ್ಕೆ ಅವರು ಒಂದೊಂದೇ ಸಾಮಾನು ಮುಟ್ಟಿ ಇದಕ್ಕೇನು, ಇದಕ್ಕೇನು ಎಂದು ಕೇಳುತ್ತಾ ಹೋದರು. ಮಂಚಕ್ಕೆ ಬಂದಾಗ ನಿಂತಿತು.

ಎರಡನೇ ದಿನ: ಕೋಟೆ, ನೀರು, ಸುಂಕದಕಟ್ಟೆ

ಬೆಳಗಿನ ಏಳೂವರೆಗೂ ಮಂಜು ಸರಿದಿರಲಿಲ್ಲ. ಬಂದವರಲ್ಲಿ ಹೆಚ್ಚಿನವರು ಈ ಊರಿಗೆ ಮಧ್ಯಾಹ್ನ ಹತ್ತಿ, ಕೋಟೆಯ ಮೇಲೆ ಒಂದು ಫೋಟೋ ತೆಗೆದು, ನಾಲ್ಕಕ್ಕೆ ಇಳಿಯುತ್ತಾರೆ. ಒಂದು ರಾತ್ರಿ ತಂಗಿದವರಿಗೆ ಸಿಗುವುದು ಈ ಹೊತ್ತು. ಸುಣ್ಣ ಬಳಿದ ಗೋಡೆ, ಮಂಜು ಎರಡೂ ಬಿಳಿ, ನಡುವೆ ಬಾಗಿಲ ಚೌಕಟ್ಟಿನ ಗ್ರಾನೈಟ್ ಮಾತ್ರ ತೇಲಿದ ಹಾಗೆ. ಹೆಜ್ಜೆ ಮಾತ್ರ ಜೋಪಾನ. ಒದ್ದೆ ಕಲ್ಲು ಸಾಬೂನಿನಂತೆ, ಅದರಲ್ಲೂ ನೂರಾರು ವರ್ಷ ಸವೆದ ಬೀದಿಯ ನಡುಭಾಗ. ಊರಿನವರು ಗೋಡೆ ಪಕ್ಕಕ್ಕೇ ನಡೆಯುವುದನ್ನು ನೋಡಿ ಕಲಿಯಬೇಕು. ಅಲ್ಲಿ ಕಲ್ಲು ಇನ್ನೂ ಒರಟಾಗಿಯೇ ಉಳಿದಿದೆ.

ಕೋಟೆ ಊರಿನ ವಾಯವ್ಯದ ತುದಿಯಲ್ಲಿ, ಬಂಡೆ ಅತಿ ಎತ್ತರವಾಗಿರುವಲ್ಲಿ. ಊರಿನ ಗೋಡೆಗಳ ಮೇಲೆ ಓಡಾಡಲು ದುಡ್ಡಿಲ್ಲ, ಕೋಟೆಯ ಒಳಕ್ಕೆ ಸಣ್ಣ ಮೊತ್ತದ ಟಿಕೆಟ್. ಒಂಬತ್ತನೇ ಶತಮಾನದಲ್ಲಿ ಇಬ್ನ್ ಮರ್ವಾನ್ ಎಂಬ ಬಂಡಾಯದ ನಾಯಕ ಆಗ ಈ ನಾಡನ್ನು ಆಳುತ್ತಿದ್ದ ಕಾರ್ಡೊಬಾದ ಮುಸ್ಲಿಂ ದೊರೆ ಅಮೀರನ ಮೇಲೆ ತಿರುಗಿಬಿದ್ದು ಈ ಬಂಡೆಯನ್ನು ಆಸರೆ ಮಾಡಿಕೊಂಡ. ಊರಿಗೆ ಹೆಸರು ಅವನಿಂದಲೇ ಬಂತು. ಇಂದು ಸ್ಪೇನ್‌ನಲ್ಲಿರುವ ಬಡಹೋಸ್ ಪಟ್ಟಣವನ್ನು ಕಟ್ಟಿಸಿದವನೂ ಅವನೇ. ಹನ್ನೆರಡನೇ ಶತಮಾನದಲ್ಲಿ ಇದು ಪೋರ್ಚುಗಲ್ ದೊರೆಗಳ ಕೈಸೇರಿತು. ಈಗ ಕಣ್ಣಿಗೆ ಬೀಳುವ ಕೋಟೆಯ ಬಹುಪಾಲು ದೊರೆ ದಿನಿಶ್ ಹದಿಮೂರನೇ ಶತಮಾನದ ಕೊನೆಯಲ್ಲಿ ಕಟ್ಟಿಸಿದ್ದು. ತೋಪುಗಳ ಕಾಲಕ್ಕೆ, ಹದಿನೇಳನೇ ಶತಮಾನದಲ್ಲಿ, ತಗ್ಗಾದ ದಪ್ಪ ಕೊತ್ತಲಗಳನ್ನು ಸೇರಿಸಿದರು. ಎತ್ತರದ ತೆಳುಗೋಡೆ ಕಂಡರೆ ಹಳೆಯದು, ಕುಳ್ಳಗೆ ಇಳಿಜಾರಾಗಿ ಚೂಪು ಮೂಲೆಯಿದ್ದರೆ ಹೊಸದು. ಇಷ್ಟು ಗೊತ್ತಿದ್ದರೆ ಫಲಕ ಓದದೆಯೂ ಅರ್ಧ ಚರಿತ್ರೆ ತಿಳಿಯುತ್ತದೆ.

ಕೋಟೆಗೆ ಹೋದವರು ನೇರ ಮೇಲಿನ ಬತ್ತೇರಿಗೆ ಓಡುತ್ತಾರೆ. ಮಂಜಿನಲ್ಲಿ ಅಲ್ಲೇನೂ ಕಾಣದು ಎಂಬ ಕಾರಣಕ್ಕೆ ಅಂದು ಮೊದಲು ಇಳಿದದ್ದು ಕೆಳಗೆ, ನೀರಿನ ತೊಟ್ಟಿಗೆ. ಒಳಬಾಗಿಲು ದಾಟಿದರೆ ಪಕ್ಕದಲ್ಲೇ ತಲೆ ಬಗ್ಗಿಸಿ ಹೋಗುವ ಬಾಗಿಲು, ಕತ್ತಲಿಗೆ ಇಳಿಯುವ ಮೆಟ್ಟಿಲು. ಕಣ್ಣು ಹೊಂದಿಕೊಳ್ಳಲು ಒಂದೆರಡು ನಿಮಿಷ ಬೇಕು. ಆಮೇಲೆ ಕಾಣುತ್ತದೆ: ಸುಮಾರು 46 ಮೀಟರ್ ಉದ್ದ, 10 ಮೀಟರ್ ಅಗಲದ ಕಮಾನು ಛಾವಣಿಯ ಕೋಣೆ, ತಳದಲ್ಲಿ ಕದಲದ ಕಪ್ಪು ನೀರು. ಒಂದು ಕೆಮ್ಮು ಆ ತುದಿಗೆ ಹೋಗಿ ನಿಧಾನವಾಗಿ ವಾಪಸು ಬರುತ್ತದೆ.

ಈ ಊರು ಉಳಿದದ್ದು ಇದರಿಂದಲೇ. ಬೆಟ್ಟದ ನೆತ್ತಿ ಗಟ್ಟಿ ಬೆಣಚುಕಲ್ಲು, ಬಾವಿ ತೋಡಿ ಬದುಕುವ ಜಾಗವಲ್ಲ. ಅಂಗಳಕ್ಕೆ ಬಿದ್ದ ಮಳೆಯನ್ನು ಹಿಡಿದು ಇಲ್ಲಿಗೆ ಇಳಿಸಬೇಕು. ಲೆಕ್ಕ ಹಾಕಿ ನೋಡಿದರೆ ಇದರ ಗಾತ್ರ ತಿಳಿಯುತ್ತದೆ. ತಳದ ವಿಸ್ತೀರ್ಣ 460 ಚದರ ಮೀಟರ್, ಅಂದರೆ ಒಂದು ಮೀಟರ್ ನೀರು ನಿಂತರೆ 4,60,000 ಲೀಟರ್. ಮುತ್ತಿಗೆಯ ಕಾಲದಲ್ಲಿ ತಲೆಗೆ ದಿನಕ್ಕೆ ಐದು ಲೀಟರಿನಂತೆ ಐನೂರು ಮಂದಿಗೆ ಅಳೆದು ಕೊಟ್ಟರೂ ಆರು ತಿಂಗಳಿಗೆ ಸಾಕು. ಅರ್ಧ ಮೀಟರ್ ಮಳೆ ಬಿದ್ದರೆ ಸಾವಿರ ಚದರ ಮೀಟರ್ ಅಂಗಳ ಅಷ್ಟನ್ನು ಕೊಟ್ಟುಬಿಡುತ್ತದೆ. ಚಿತ್ರದುರ್ಗದ ಹೊಂಡಗಳನ್ನು ನೋಡಿದವರಿಗೆ ಈ ಜಾಣ್ಮೆ ಹೊಸದೇನಲ್ಲ. ಅಲ್ಲಿ ನೀರಿಗೆ ಆಕಾಶ ಕಾಣುತ್ತದೆ, ಇಲ್ಲಿ ಮುಚ್ಚಿದ್ದಾರೆ. ಬೇಸಿಗೆಯಲ್ಲಿ ಸುಡುವ ಈ ನಾಡಿನಲ್ಲಿ ತೆರೆದಿಟ್ಟರೆ ಅರ್ಧ ಆವಿಯಾಗಿ ಹೋದೀತು, ಬೆಳಕು ಬಿದ್ದರೆ ಪಾಚಿ ಕಟ್ಟೀತು. ಇದೇ ಕೋಟೆಯ ಒಳಸುತ್ತಿನಲ್ಲಿ ಇನ್ನೊಂದು ಸಣ್ಣ ತೊಟ್ಟಿಯೂ ಇದೆ. ಹೊರಸುತ್ತು ಬಿದ್ದುಹೋದರೂ ಒಳಗಿನವರ ಗಂಟಲು ಒಣಗಬಾರದಲ್ಲ.

ಹತ್ತು ಗಂಟೆಗೆ ಮಂಜು ಒಮ್ಮೆಲೇ ಕಳಚಿತು. ಮೇಲಿನಿಂದಲ್ಲ, ಕೆಳಗಿನಿಂದ. ಮೊದಲು ಕಣಿವೆಯ ಆಲಿವ್ ತೋಟಗಳು, ಆಮೇಲೆ ಸ್ಪೇನ್ ಕಡೆಯ ಗುಡ್ಡಸಾಲು, ಕೊನೆಗೆ ಕಾಲಡಿಯ ಬಂಡೆ. ರಣಹದ್ದುಗಳು ಗೋಡೆಯ ಕೆಳಗೆ ತೇಲುತ್ತಿದ್ದವು. ಹದ್ದಿನ ಬೆನ್ನು ನೋಡುವ ಅವಕಾಶ ಎಲ್ಲೆಡೆ ಸಿಗದು. ಒಂದು ಎಚ್ಚರಿಕೆ: ಗೋಡೆಯ ಮೇಲಿನ ಓಡಾಟದ ದಾರಿಗೆ ಹೊರಬದಿಯಲ್ಲಿ ತೆನೆಗಳಿವೆ, ಒಳಬದಿಯಲ್ಲಿ ಬಹಳ ಕಡೆ ಏನೂ ಇಲ್ಲ, ನೇರ ಅಂಗಳಕ್ಕೇ ಬೀಳುವುದು. ಮೇಲೆ ಗಾಳಿ ತಳ್ಳುತ್ತದೆ. ಮಕ್ಕಳನ್ನು ಕರೆದೊಯ್ದವರು ಕೈ ಬಿಡಬಾರದು, ಫೋಟೋ ತೆಗೆಯುವವರು ಹಿಂದಕ್ಕೆ ಹೆಜ್ಜೆ ಇಡಬಾರದು. ಹಿಂಬದಿಯಲ್ಲಿ ಒಂದು ದಿಡ್ಡಿ ಬಾಗಿಲಿದೆ, ಅದಕ್ಕೆ ಅವರು ಇಟ್ಟ ಹೆಸರು ದ್ರೋಹದ ಬಾಗಿಲು. ಗುಟ್ಟಾಗಿ ಹೊರಗೆ ಹೋಗುವ ದಾರಿಯೇ ಗುಟ್ಟಾಗಿ ಒಳಗೆ ಬಿಡುವ ದಾರಿಯೂ ಆಗಬಹುದು ಎಂದು ಹೆಸರಿಟ್ಟವರಿಗೆ ಗೊತ್ತಿತ್ತು.

ಹನ್ನೊಂದಕ್ಕೆ ಕಾಲುದಾರಿ ಹಿಡಿದು ಪೋರ್ತಾಜೆಂ ಕಡೆಗೆ. ಗೋಡೆಯ ಹೊರಗಿನ ಹಳೆಯ ಕ್ರೈಸ್ತ ಮಠದ ಬಳಿಯಿಂದ ಕಲ್ಲು ಹಾಸಿದ ಮಧ್ಯಯುಗದ ದಾರಿ ಚೆಸ್ಟ್‌ನಟ್, ಓಕ್ ಮರಗಳ ನಡುವೆ ಇಳಿಯುತ್ತದೆ. ಇಳಿಯಲು ಮುಕ್ಕಾಲು ತಾಸು, ಹತ್ತಲು ಒಂದೂಕಾಲು. ಉದುರಿದ ಎಲೆಯ ಕೆಳಗೆ ಕಲ್ಲು ಎಲ್ಲಿದೆ, ಹಳ್ಳ ಎಲ್ಲಿದೆ ತಿಳಿಯದು, ಒಂದು ಕೋಲು ಇದ್ದರೆ ಮಂಡಿಗೆ ಆರಾಮ. ದಾರಿಯಲ್ಲಿ ಮುಳ್ಳುಚೆಂಡಿನಂಥ ಕಾಯಿಗಳು ಬಿದ್ದಿರುತ್ತವೆ. ಬರಿಗೈಯಲ್ಲಿ ಮುಟ್ಟಬಾರದು, ಬೂಟಿನ ಅಂಚಿನಿಂದ ಒತ್ತಿದರೆ ಒಳಗಿನ ಎರಡು ಮೂರು ಕಂದು ಬೀಜ ಹೊರಬರುತ್ತವೆ. ಆದರೆ ಬೇಲಿಯೊಳಗಿನ ತೋಪು ಯಾರದೋ ವರ್ಷದ ದುಡಿಮೆ. ಬುಟ್ಟಿ ಹಿಡಿದು ಆರಿಸುತ್ತಿದ್ದ ಮುದುಕರೊಬ್ಬರು ಒಂದು ಹಿಡಿ ಕೊಟ್ಟು, ಚೂರಿಯಿಂದ ಸಿಪ್ಪೆಗೆ ಅಡ್ಡಗೀರು ಹಾಕುವುದನ್ನು ತೋರಿಸಿದರು. ಗೀರದೆ ಬೆಂಕಿಗಿಟ್ಟರೆ ಒಳಗಿನ ಹಬೆಗೆ ದಾರಿಯಿಲ್ಲದೆ ಪಟಾಕಿಯಂತೆ ಸಿಡಿಯುತ್ತದೆ. ಗೀರು ಸಿಪ್ಪೆಯನ್ನು ದಾಟಬೇಕು, ತಿರುಳಿಗೆ ಆಳವಾಗಿ ಇಳಿದರೆ ಒಣಗಿ ಗಟ್ಟಿಯಾಗುತ್ತದೆ.

ಪೋರ್ತಾಜೆಂ ಎಂದರೆ ಸುಂಕ. ನಮ್ಮಲ್ಲಾದರೆ ಸುಂಕದಕಟ್ಟೆ ಎನ್ನುತ್ತಿದ್ದೆವು. ಸೆವೆರ್ ಹೊಳೆ, ಅದಕ್ಕೊಂದು ಹಳೆಯ ಕಲ್ಲಿನ ಸೇತುವೆ, ಪಕ್ಕದಲ್ಲಿ ಚೌಕನೆಯ ಗೋಪುರ. 1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನು ಹೊರದಬ್ಬಿದಾಗ ಗಡಿ ದಾಟಿ ಬಂದವರು ಸುಂಕ ತೆತ್ತು ಪೋರ್ಚುಗಲ್‌ಗೆ ಕಾಲಿಟ್ಟ ಜಾಗಗಳಲ್ಲಿ ಇದೂ ಒಂದು. ದುಡ್ಡು ಕಟ್ಟಿ ಪಡೆದ ನೆಮ್ಮದಿ ನಾಲ್ಕೈದು ವರ್ಷವೂ ಬಾಳಲಿಲ್ಲ. 1496ರಲ್ಲಿ ಇಲ್ಲಿಯ ದೊರೆಯೂ ಅವರಿಗೆ, ಕ್ರೈಸ್ತರಾಗಿರಿ, ಇಲ್ಲವೇ ಹೊರಡಿ ಎಂದ. ಬೇಸಿಗೆಯಲ್ಲಿ ಇದೇ ಹೊಳೆಗೆ ಅಡ್ಡಕಟ್ಟಿ ಈಜುಕೊಳ ಮಾಡುತ್ತಾರೆ. ನವೆಂಬರಿನಲ್ಲಿ ಬಾತುಕೋಳಿಗಳಿಗೆ ಮಾತ್ರ ಧೈರ್ಯ.

ಊಟಕ್ಕೆ ಮಧ್ಯಾಹ್ನ ಒಂದು ಗಂಟೆಯೊಳಗೆ ಕೂರಬೇಕು, ಮೂರರ ನಂತರ ಅಡುಗೆಮನೆ ಮುಚ್ಚಿರುತ್ತದೆ. ಕೂತ ಕೂಡಲೇ ಕೇಳದೆಯೇ ಬ್ರೆಡ್, ಆಲಿವ್, ಚೀಸ್ ತಂದಿಡುತ್ತಾರೆ. ಪುಕ್ಕಟೆಯಲ್ಲ, ಮುಟ್ಟಿದ್ದಕ್ಕೆ ಬಿಲ್ಲು, ಬೇಡವೆಂದರೆ ಬೇಸರವಿಲ್ಲದೆ ಎತ್ತಿಕೊಂಡು ಹೋಗುತ್ತಾರೆ. ಆದರೆ ನೀಝ ಊರಿನ ಕುರಿಹಾಲಿನ ಚೀಸ್ ಬಂದಿದ್ದರೆ ಬಿಡಬಾರದು. ಕರುವಿನ ಹೊಟ್ಟೆಯ ಕಿಣ್ವದ ಬದಲು ಒಂದು ಮುಳ್ಳುಗಿಡದ ಹೂವಿನ ಎಸಳನ್ನು ನೆನೆಸಿ ಹಾಲು ಒಡೆಸುತ್ತಾರೆ, ಆದ್ದರಿಂದ ಸಸ್ಯಾಹಾರಿಗಳೂ ನಿಶ್ಚಿಂತೆಯಿಂದ ತಿನ್ನಬಹುದು. ಕೊನೆಯಲ್ಲಿ ಉಳಿಯುವ ಸಣ್ಣ ಕಹಿ ಆ ಹೂವಿನದೇ.

ಮಾಂಸ ತಿನ್ನುವವರಿಗೆ ಇಲ್ಲಿ ಓಕ್ ಕಾಯಿ ಮೇಯ್ದ ಕರಿಹಂದಿಯ ಖಾದ್ಯಗಳಿವೆ. ತಿನ್ನದವರಿಗೆ ದಿಕ್ಕು ಅಸೋರ್ದ. ಕಲ್ಲಿನ ಒರಳಿನಲ್ಲಿ ನಾಲ್ಕೈದು ಎಸಳು ಬೆಳ್ಳುಳ್ಳಿ, ಹರಳುಪ್ಪು, ಒಂದು ದೊಡ್ಡ ಹಿಡಿ ಕೊತ್ತಂಬರಿ ಸೊಪ್ಪು ಕುಟ್ಟುತ್ತಾರೆ. ಅದಕ್ಕೆ ಆಲಿವ್ ಎಣ್ಣೆ ಧಾರಾಳವಾಗಿ ಸುರಿದು, ಕುದಿಯುವ ನೀರು ಹೊಯ್ಯುತ್ತಾರೆ. ಹಿಂದಿನ ದಿನದ ಗಟ್ಟಿ ಬ್ರೆಡ್ಡಿನ ತುಂಡುಗಳನ್ನು ಕೊನೆಗೆ ಹಾಕಬೇಕು, ಅದೂ ತಟ್ಟೆ ಮೇಜಿಗೆ ಬರುವ ಹೊತ್ತಿಗೆ. ಮೊದಲೇ ಹಾಕಿದರೆ ಅಂಟಾಗುತ್ತದೆ, ತಾಜಾ ಬ್ರೆಡ್ ಹಾಕಿದರೂ ಅದೇ ಗತಿ. ಮೇಲೊಂದು ಬೇಯಿಸಿದ ಮೊಟ್ಟೆ. ಬಟ್ಟಲು ಬಂದಾಗ ಏಳುವ ವಾಸನೆ ನಮ್ಮ ತಿಳಿಸಾರಿಗೆ ಹತ್ತಿರದ ನೆಂಟ. ಆದರೆ ಆ ಕುದಿನೀರು ಎಷ್ಟೋ ಕಡೆ ಒಣಮೀನು ಬೇಯಿಸಿದ ನೀರಾಗಿರುತ್ತದೆ. ಮೀನಿನ ತುಂಡು ಬೇಡ ಎಂದರೆ ಸಾಲದು, ನೀರಿನ ಬಗ್ಗೆಯೂ ಕೇಳಬೇಕು.

ಪೋರ್ತಾಜೆಂನಿಂದ ಸ್ವಲ್ಪ ದೂರದ ಅಮ್ಮಾಯ ರೋಮನ್ನರ ಕಾಲದ ಪಟ್ಟಣ. ದಕ್ಷಿಣದ ಬಾಗಿಲಿನ ಅಡಿಪಾಯ, ಸ್ನಾನಗೃಹ, ಗುಡಿಯ ಜಗಲಿ, ಒಂದು ಅಚ್ಚುಕಟ್ಟಾದ ಸಂಗ್ರಹಾಲಯ. ಉಳಿದದ್ದು ಇನ್ನೂ ಹೊಲದಡಿ, ಮೇಲೆ ಕುರಿ ಮೇಯುತ್ತವೆ. ಈ ಬೆಟ್ಟಗಳಲ್ಲಿ ಭಾರಿ ಗಾತ್ರದ ಸ್ಫಟಿಕ ಸಿಗುತ್ತಿದ್ದುದನ್ನು ರೋಮನ್ ಲೇಖಕ ಹಿರಿಯ ಪ್ಲಿನಿ ಬರೆದಿದ್ದಾನೆ. ಒಂದು ತಾಸು ಸಾಕು. ನವೆಂಬರಿನಲ್ಲಿ ಐದೂಕಾಲರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಕಾಡುದಾರಿ ಅದಕ್ಕಿಂತ ಅರ್ಧ ತಾಸು ಮೊದಲೇ ಕತ್ತಲಾಗುತ್ತದೆ. ಮೂರೂವರೆಯ ಮೇಲೆ ಹತ್ತಲು ಶುರು ಮಾಡುವವರ ಬಳಿ ಟಾರ್ಚ್ ಇರಲೇಬೇಕು, ಇಲ್ಲವೇ ಟ್ಯಾಕ್ಸಿ.

ಮೂರನೇ ದಿನ: ಕಶ್ತೆಲು ದ ವೀದ

ಕಶ್ತೆಲು ದ ವೀದ ಊರಿಗೆ ಮರ್ವಾಂವ್‌ನಿಂದ ಹತ್ತು ಹನ್ನೆರಡು ಕಿಲೋಮೀಟರ್. ದಾರಿಯ ಒಂದು ತುಂಡಿನಲ್ಲಿ ಎರಡೂ ಕಡೆ ಹಳೆಯ ಆಶ್ ಮರಗಳು ತಲೆಗೆ ತಲೆ ಕೂಡಿಸಿ ಸುರಂಗ ಮಾಡಿವೆ. ಬೀದಿದೀಪ ಇಲ್ಲದ ದಾರಿಯಲ್ಲಿ ಚಾಲಕರಿಗೆ ಕಾಣಲೆಂದು ಕಾಂಡಕ್ಕೆ ಬಳಿದ ಬಿಳಿಪಟ್ಟಿ. ಫೋಟೋಗೆಂದು ರಸ್ತೆ ನಡುವೆ ನಿಲ್ಲುವವರಿಂದ ಇಲ್ಲಿ ದಿನವೂ ಬ್ರೇಕಿನ ಸದ್ದು. ಕಾರನ್ನು ಸುರಂಗ ದಾಟಿ ನಿಲ್ಲಿಸಿ, ಅಂಚಿನಲ್ಲಿ ನಡೆದು ವಾಪಸು ಬರುವುದು ಮೇಲು.

ಇದು ಮರ್ವಾಂವ್‌ಗಿಂತ ದೊಡ್ಡ ಊರು, ಗದ್ದಲವಿದೆ, ಬೇಕರಿಯಿದೆ, ಔಷಧದ ಅಂಗಡಿಯಿದೆ. ಕೋಟೆಯ ಕೆಳಗಿನ ಇಳಿಜಾರಿನಲ್ಲಿ ಯಹೂದಿಗಳ ಕೇರಿ. ಗೋಥಿಕ್ ಬಾಗಿಲುಗಳಿಗೆ ಹೆಸರಾದ ಜಾಗ: ಚೂಪು ಕಮಾನಿನ ಗ್ರಾನೈಟ್ ಚೌಕಟ್ಟುಗಳು, ಮುಂದೆ ಹೂಕುಂಡ. ಓಡುವವರಿಗೆ ಕಾಣದ ಒಂದು ಸಂಗತಿಯಿದೆ. ಕೆಲವು ಬಾಗಿಲುಗಳ ಬಲಗಂಬದಲ್ಲಿ, ಭುಜದೆತ್ತರದಲ್ಲಿ, ಕಲ್ಲಿಗೆ ಕೊರೆದ ಉದ್ದನೆಯ ಕುಳಿ. ಧರ್ಮವಾಕ್ಯ ಬರೆದ ಸುರುಳಿಯನ್ನು ಯಹೂದಿಗಳು ಅಲ್ಲಿಡುತ್ತಿದ್ದರು. ತೋರುಬೆರಳು ಇಟ್ಟರೆ ಸರಿಯಾಗಿ ಕೂರುತ್ತದೆ, ಅಂಚು ಮುಟ್ಟಿ ಮುಟ್ಟಿ ನುಣುಪಾಗಿದೆ. ಮತ ಬದಲಿಸಿದ ಮೇಲೆ ಕೆಲವರು ಅದರ ಪಕ್ಕದಲ್ಲೋ ಮೇಲೋ ಶಿಲುಬೆ ಕೆತ್ತಿಸಿದರು. ಗೋಡೆ ನೋಡುವವರಿಗೆ ಒಂದು ಗುರುತು, ಮನೆಯವರಿಗೆ ಇನ್ನೊಂದು. ಹಳೆಯ ಪ್ರಾರ್ಥನಾ ಮಂದಿರ ಈಗ ಸಂಗ್ರಹಾಲಯ. ಸೋಮವಾರ ಬಾಗಿಲು ಹಾಕುವ ರೂಢಿ ಈ ದೇಶದ ಸಂಗ್ರಹಾಲಯಗಳಲ್ಲಿ ಸಾಮಾನ್ಯ, ದಿನ ನೋಡಿಕೊಂಡು ಬರಬೇಕು.

ವೈದ್ಯ ಗಾರ್ಸಿಯ ದ ಓರ್ತ ಹುಟ್ಟಿದ್ದು ಈ ಊರಿನಲ್ಲಿ, ಸ್ಪೇನ್‌ನಿಂದ ಓಡಿಬಂದ ಯಹೂದಿ ಕುಟುಂಬದಲ್ಲಿ. 1534ರಲ್ಲಿ ಗೋವಾಕ್ಕೆ ಬಂದು ಉಳಿದ ಜೀವಮಾನವನ್ನು ನಮ್ಮ ನೆಲದಲ್ಲೇ ಕಳೆದ. ನಮ್ಮ ಗಿಡಮೂಲಿಕೆ, ಹಣ್ಣು, ಮಸಾಲೆಗಳ ಬಗ್ಗೆ ಅವನು ಸಂಭಾಷಣೆಯ ರೂಪದಲ್ಲಿ ಬರೆದ ಪುಸ್ತಕ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು. ಮೆಣಸು, ಏಲಕ್ಕಿ, ಮಾವು, ಇಂಗು ಎಲ್ಲಕ್ಕೂ ಅದರಲ್ಲಿ ಜಾಗವುಂಟು. ಅವನು ಸತ್ತ ಮೇಲೆ ಚರ್ಚಿನ ಧರ್ಮವಿಚಾರಣೆಯವರು (ಇನ್‌ಕ್ವಿಸಿಶನ್) 1580ರಲ್ಲಿ ಗೋರಿಯಿಂದ ಮೂಳೆ ಅಗೆಸಿ ಸುಟ್ಟರು. ಗುಟ್ಟಾಗಿ ಯಹೂದಿಯಾಗಿಯೇ ಉಳಿದಿದ್ದ ಎಂಬುದು ಆರೋಪ. ಆ ಕೇರಿಯ ಬಾಗಿಲುಗಳನ್ನು ನೋಡಿದ ಮೇಲೆ ಆರೋಪದಲ್ಲಿ ಆಶ್ಚರ್ಯವೇನೂ ಉಳಿಯದು.

ಕೋಟೆಯ ಒಳಗೆ ಇಲ್ಲೂ ಜನ ಇದ್ದಾರೆ. ಒಣಹಾಕಿದ ಬಟ್ಟೆ ಸರಿಸಿಕೊಂಡೇ ಬೀದಿ ದಾಟಬೇಕು. 1974ರ ಏಪ್ರಿಲ್ 25ರಂದು ಸರ್ವಾಧಿಕಾರ ಕೆಡವಲು ತುಕಡಿಯೊಂದಿಗೆ ಲಿಸ್ಬನ್‌ಗೆ ನುಗ್ಗಿದ ಕ್ಯಾಪ್ಟನ್ ಸಾಲ್ಗೈರು ಮಾಯ್ಯ ಇದೇ ಊರಿನವನು, ಅವನ ಹೆಸರಿನ ಸಂಗ್ರಹಾಲಯ ಕೋಟೆಯಲ್ಲೇ ಇದೆ. ಬೇಕರಿಗಳಲ್ಲಿ ಬೊಲೈಮ ಎಂಬ ಚಪ್ಪಟೆ ಸಿಹಿರೊಟ್ಟಿ ಸಿಗುತ್ತದೆ. ಹಿಟ್ಟು ಹುಳಿ ಬರಿಸಿರುವುದಿಲ್ಲ. ಮೇಲೆ ಸಕ್ಕರೆ, ದಾಲ್ಚಿನ್ನಿ, ಕೆಲವೊಮ್ಮೆ ಒಳಗೆ ಸೇಬು. ಮಧ್ಯಾಹ್ನದ ಮೇಲೆ ಹೋದರೆ ತಟ್ಟೆಯಲ್ಲಿ ಚೂರು ಮಾತ್ರ.

ಕೇರಿಯ ಕೆಳತುದಿಯಲ್ಲಿ ಹದಿನಾರನೇ ಶತಮಾನದ ಊರಕಾರಂಜಿ: ಅಮೃತಶಿಲೆಯ ಕಂಬಗಳು, ಚೂಪು ಛಾವಣಿ, ಕೆಳಗೆ ಹಗಲು ರಾತ್ರಿ ಸುರಿಯುವ ನೀರು. ಈ ಊರಿಗೆ ಊಟೆಗಳು ಹೇರಳ, ಹಾಗಾಗಿ ನೀರು ಕೂಡಿಡುವ ಚಿಂತೆಯೇ ಇರಲಿಲ್ಲ. ಕಾರಂಜಿಯ ಕಟ್ಟೆಯ ಮೇಲೆ ಕ್ಯಾನು ತುಂಬುತ್ತಿದ್ದ ಒಬ್ಬರು ಪಕ್ಕಕ್ಕೆ ಸರಿದು ಬಾಟಲಿಗೆ ಜಾಗ ಬಿಟ್ಟರು. ಎಲ್ಲಿ ತಂಗಿದ್ದಿರಿ ಎಂದು ಕೇಳಿ, ಮರ್ವಾಂವ್ ಎಂದಾಗ ಆ ಬೆಟ್ಟ ಇರುವ ದಿಕ್ಕಿಗೆ ಗಲ್ಲ ಎತ್ತಿ ತೋರಿಸಿ ನಕ್ಕರು. ಬೀದಿ ಹತ್ತಿ ತಿರುಗಿ ನೋಡಿದರೆ ಅಲ್ಲಿ ಬೆಟ್ಟವಿರಲಿಲ್ಲ, ಮೋಡ ಮತ್ತೆ ಕೂತಿತ್ತು.